ಒತ್ತಡದ ನೋವಿಗೆ ಸರಿಯಾದ ಥೆರಪಿಸ್ಟ್: ಯಾರನ್ನು ಕೇಳಬೇಕು, ಏನನ್ನು ಕೇಳಬೇಕು

ಪ್ರಶ್ನೆ: ನನಗೆ 38 ವರ್ಷ. ನಾಲ್ಕು ವರ್ಷಗಳಿಂದ ಕತ್ತು, ಭುಜ, ಸೊಂಟ ನೋವು. ಎಂಆರ್‌ಐ ಮಾಡಿಸಿದರೆ ‘ಡಿಸ್ಕ್ ಸ್ವಲ್ಪ ಉಬ್ಬಿದೆ’ ಅಂತಷ್ಟೇ ಬಂತು. ಆಫೀಸಿನಲ್ಲಿ ಒತ್ತಡ ಹೆಚ್ಚಾದ ವಾರ ನೋವೂ ಹೆಚ್ಚು. ‘ಇದೆಲ್ಲ ಸ್ಟ್ರೆಸ್, ಸೈಕಾಲಜಿಸ್ಟ್ ಹತ್ತಿರ ಹೋಗಿ’ ಎಂದರು ಡಾಕ್ಟರು. ಒಬ್ಬರ ಬಳಿ ಐದು ಸೆಷನ್‌ ಹೋದೆ. ಬಾಲ್ಯದ ಮಾತಾಯಿತು, ಮದುವೆಯ ಮಾತಾಯಿತು, ನೋವಿನ ಮಾತೇ ಬರಲಿಲ್ಲ. ಬಿಟ್ಟುಬಿಟ್ಟೆ. ಹಾಗಾದರೆ ನನ್ನ ನೋವು ಸುಳ್ಳೇ? ಸರಿಯಾದವರನ್ನು ಹುಡುಕುವುದು ಹೇಗೆ? ಗುಣ ಕಾಣಲು ಎಷ್ಟು ದಿನ ಕಾಯಬೇಕು?

ಉತ್ತರ: ನಿಮ್ಮ ನೋವು ಸುಳ್ಳಲ್ಲ. ಬರೀ ಸಮಾಧಾನಕ್ಕೆ ಹೇಳುತ್ತಿರುವ ಮಾತಲ್ಲ ಇದು; ನೀವು ಯಾರನ್ನು ಆರಿಸಿಕೊಳ್ಳಬೇಕು ಎನ್ನುವುದು ಇದರ ಮೇಲೇ ನಿಂತಿದೆ. ನೋವಿನ ಅಧ್ಯಯನಕ್ಕೆಂದೇ ಇರುವ ಅಂತರರಾಷ್ಟ್ರೀಯ ಸಂಘವು 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿ ಬರೆಯಿತು. ಅಂಗಾಂಶಕ್ಕೆ ಪೆಟ್ಟು ಬಿದ್ದಾಗ ಆಗುವ ಅನುಭವದಷ್ಟೇ ‘ಅದನ್ನು ಹೋಲುವ’ ಅನುಭವವೂ ನೋವೇ ಎಂದು ಅದರಲ್ಲಿದೆ. ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ, ಬೇರೆ ಕಾಯಿಲೆಯ ಲಕ್ಷಣವಾಗಿರದೆ ತಾನೇ ಒಂದು ಕಾಯಿಲೆಯಾಗಿ ನಿಂತ ನೋವಿಗೆ ಪ್ರತ್ಯೇಕ ಹೆಸರು, ಪ್ರತ್ಯೇಕ ಜಾಗ ಇದೆ.

ದೇಹದಿಂದ ಹೊರಟ ಸಂದೇಶ ಇದ್ದದ್ದು ಇದ್ದ ಹಾಗೆ ಮಿದುಳಿಗೆ ಹೋಗುವುದಿಲ್ಲ. ಬೆನ್ನುಹುರಿಯಲ್ಲಿ ಅದನ್ನು ತಗ್ಗಿಸುವ, ಹಿಗ್ಗಿಸುವ ಏರ್ಪಾಡು ಇದೆ ಎಂದು ನೋವಿನ ಸಂಶೋಧಕರಾದ ರೊನಾಲ್ಡ್ ಮೆಲ್ಝಾಕ್, ಪ್ಯಾಟ್ರಿಕ್ ವಾಲ್ 1965ರಲ್ಲೇ ಹೇಳಿದ್ದರು. ಮಿದುಳು ಮೇಲಿನಿಂದಲೂ ಆ ಏರ್ಪಾಡಿಗೆ ಕೈಹಾಕುತ್ತದೆ. ತಿಂಗಳುಗಟ್ಟಲೆ ನಿದ್ದೆಗೆಟ್ಟು, ‘ಸೊಂಟಕ್ಕೆ ಏನಾಗಿಬಿಡುತ್ತೋ’ ಎಂದು ಹೆದರಿ, ಹಲ್ಲು ಕಚ್ಚಿ ಕೂತವರಲ್ಲಿ ಅದು ಹಿಗ್ಗಿಸುವ ಕಡೆಗೇ ವಾಲುತ್ತದೆ. ಇನ್ನು ನಿಮ್ಮ ಉಬ್ಬಿದ ಡಿಸ್ಕ್. ನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟು ಮಾಡಿ ನೋಡಿದ 2015ರ ಒಂದು ವಿಮರ್ಶೆಯ ಅಂದಾಜಿನಂತೆ, 20ರ ವಯಸ್ಸಿನಲ್ಲಿ ಸುಮಾರು 30%, 40ರಲ್ಲಿ ಸುಮಾರು 50%, 80ರಲ್ಲಿ 84% ಜನರ ಡಿಸ್ಕ್ ಉಬ್ಬಿರುತ್ತದೆ. ನಿಮ್ಮ ವಯಸ್ಸಿಗೆ ಅದು ತಲೆಗೂದಲು ಬೆಳ್ಳಗಾದಷ್ಟೇ ಮಾಮೂಲು.

ಹಾಗೆಂದು ‘ಎಲ್ಲ ಸ್ಟ್ರೆಸ್ಸೇ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದೂ ತಪ್ಪು. ಥೆರಪಿಗೆ ಹೋಗುವ ಮೊದಲು ವೈದ್ಯರು ಕೆಲವನ್ನು ಕೈಯಾರೆ ಪರೀಕ್ಷೆ ಮಾಡಿ ಇಲ್ಲ ಎಂದಿರಬೇಕು: ಕಾರಣವಿಲ್ಲದೆ ತೂಕ ಇಳಿಯುವುದು, ಜ್ವರ, ಹಿಂದೆ ಕ್ಯಾನ್ಸರ್ ಆಗಿದ್ದದ್ದು, ಮಲಗಿದರೂ ಇಳಿಯದ ರಾತ್ರಿ ನೋವು, ಕೈಕಾಲಿನ ಶಕ್ತಿ ದಿನೇ ದಿನೇ ಕುಂದುವುದು, ಬೆಳಗ್ಗೆ ಅರ್ಧ ಗಂಟೆಗೂ ಮೀರಿ ಇದ್ದು ಓಡಾಡಿದ ಮೇಲೆ ಸಡಿಲವಾಗುವ ಬಿಗಿತ. ನಿಮಗೆ ಕತ್ತೂ ನೋಯುವುದರಿಂದ ಇನ್ನೊಂದು: ಅಂಗಿಯ ಗುಂಡಿ ಹಾಕಲು ಬೆರಳು ತಡವರಿಸುತ್ತದೆಯೇ, ನಡೆಯುವಾಗ ಕಾಲು ತೂರಾಡುತ್ತದೆಯೇ ಎಂದು ನೋಡಿಕೊಳ್ಳಿ. ಮೆಟ್ಟಿಲು ಹತ್ತಿದಾಗ ಭುಜ, ದವಡೆಗೆ ನೋವು ಬಂದು, ನಿಂತರೆ ಹೋಗುವುದಾದರೆ ಮೊದಲು ಹೃದಯ ಪರೀಕ್ಷೆ. ತೊಡೆಸಂದಿ, ಗುದದ ಸುತ್ತ ಮರಗಟ್ಟಿ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಅದೇ ದಿನ ಎಮರ್ಜೆನ್ಸಿಗೆ ಹೋಗಬೇಕು. ಇವು ಯಾವುವೂ ಇಲ್ಲವೆಂದು ಒಮ್ಮೆ ಖಚಿತವಾದ ಮೇಲೆ ಲಕ್ಷಣ ಬದಲಾಗದಿದ್ದರೆ ಸ್ಕ್ಯಾನ್ ಮೇಲೆ ಸ್ಕ್ಯಾನ್ ಮಾಡಿಸಬೇಡಿ. ಪ್ರತಿ ಹೊಸ ರಿಪೋರ್ಟೂ ಒಂದು ಹೊಸ ಪದ, ಅದರ ಜೊತೆ ಒಂದು ಹೊಸ ಭಯ ತರುತ್ತದೆ.

ಯಾರ ಬಳಿ ಹೋಗಬೇಕು

ಮನೋವೈದ್ಯರು ಎಂದರೆ ಸೈಕಿಯಾಟ್ರಿಸ್ಟ್. ವೈದ್ಯಪದವಿ ಇರುವವರು, ಔಷಧಿ ಬರೆಯುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮನಶ್ಶಾಸ್ತ್ರದಲ್ಲಿ ಚಿಕಿತ್ಸೆಯ ತರಬೇತಿ ಪಡೆದವರು. ಮಾತಿನ ಮತ್ತು ಅಭ್ಯಾಸದ ಚಿಕಿತ್ಸೆ ಅವರ ಕೆಲಸ. ಆಪ್ತಸಮಾಲೋಚಕರು ಎಂಬ ಫಲಕದ ಹಿಂದೆ ಎರಡು ವರ್ಷ ಓದಿದವರೂ ಇರಬಹುದು, ಎರಡು ವಾರಾಂತ್ಯದ ಕೋರ್ಸ್ ಮುಗಿಸಿದವರೂ ಇರಬಹುದು. ಪದವಿ ಮತ್ತು ನೋಂದಣಿ ಸಂಖ್ಯೆ ಕೇಳಿ, ನೋಂದಣಿ ಮಾಡುವ ಸಂಸ್ಥೆಯ ಪಟ್ಟಿಯಲ್ಲಿ ನೋಡಿಕೊಳ್ಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವವರು ಬೇಡ.

ನಿಮ್ಮಂಥವರಿಗೆ ಸಾಮಾನ್ಯವಾಗಿ ಮೊದಲು ಬೇಕಾದದ್ದು ಕ್ಲಿನಿಕಲ್ ಸೈಕಾಲಜಿಸ್ಟ್, ಅದರಲ್ಲೂ ನೋವಿನ ರೋಗಿಗಳ ಜೊತೆ ಕೆಲಸ ಮಾಡಿದವರು. ಬೆಳಗ್ಗೆ ಏಳಲೂ ಆಗದಷ್ಟು ಖಿನ್ನತೆ, ಸಾಯುವ ಯೋಚನೆ, ದಿನಾ ಕುಡಿಯದೆ ನಿದ್ದೆ ಬಾರದಿರುವುದು ಇದ್ದರೆ ಮೊದಲು ಮನೋವೈದ್ಯರನ್ನು ಕಾಣಿ; ಸಾಯುವ ಯೋಚನೆಯಿದ್ದರೆ ಅಪಾಯಿಂಟ್‌ಮೆಂಟ್‌ಗೆ ಕಾಯುವುದು ಬೇಡ, ಇವತ್ತೇ ಹೋಗಿ.

ಹುಡುಕುವುದು ಎಲ್ಲಿ? ದೊಡ್ಡ ಆಸ್ಪತ್ರೆಗಳ ನೋವು ನಿರ್ವಹಣಾ ವಿಭಾಗ, ಪುನಶ್ಚೇತನ ವಿಭಾಗ, ಸಂಧಿವಾತ ವಿಭಾಗಗಳಿಗೆ ಫೋನ್ ಮಾಡಿ ‘ನಿಮ್ಮ ರೋಗಿಗಳನ್ನು ಯಾವ ಸೈಕಾಲಜಿಸ್ಟ್ ಬಳಿ ಕಳಿಸುತ್ತೀರಿ?’ ಎಂದು ಕೇಳಿ. ಬೆನ್ನುನೋವಿನವರನ್ನು ಹೆಚ್ಚು ನೋಡುವ ಫಿಸಿಯೋಥೆರಪಿಸ್ಟ್‌ಗಳಿಗೂ ಈ ಹೆಸರುಗಳು ಗೊತ್ತಿರುತ್ತವೆ. ಜಾಹೀರಾತು ನೋಡಿ ಹೋಗುವುದಕ್ಕಿಂತ ಇದು ಎಷ್ಟೋ ಮೇಲು. ಹತ್ತಿರದಲ್ಲಿ ಯಾರೂ ಇಲ್ಲದಿದ್ದರೆ ವಿಡಿಯೋ ಮೂಲಕವೂ ಈ ಚಿಕಿತ್ಸೆ ನಡೆಯುತ್ತದೆ. ಆದರೆ ಭಾಷೆಯ ವಿಷಯದಲ್ಲಿ ರಾಜಿ ಬೇಡ. ಚಳುಕು ಬೇರೆ, ಜೋಮು ಬೇರೆ, ಸೆಳೆತ ಬೇರೆ, ಹಿಂಡಿದ ಹಾಗಾಗುವುದು ಬೇರೆ. ಇವನ್ನೆಲ್ಲ ‘ಪೇನ್’ ಎಂಬ ಒಂದೇ ಪದಕ್ಕೆ ತುಂಬಿ ಹೇಳಬೇಕಾದರೆ ಅರ್ಧ ವಿಷಯ ಹೇಳದೇ ಉಳಿಯುತ್ತದೆ.

ಯಾವ ವಿಧಾನ

ಹೆಚ್ಚು ಅಧ್ಯಯನ ಆಗಿರುವುದು ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ, ಅಂದರೆ ಸಿಬಿಟಿ. ವಾರಕ್ಕೊಂದರಂತೆ 8ರಿಂದ 12 ಸೆಷನ್. ನೋವಿನ ಬಗ್ಗೆ ಬರುವ ಯೋಚನೆ, ಅದರಿಂದ ಹುಟ್ಟುವ ಭಯ, ಭಯದಿಂದ ಬಿಟ್ಟ ಕೆಲಸಗಳು, ಈ ಸರಪಣಿಯನ್ನು ಒಂದೊಂದೇ ಕೊಂಡಿಯಾಗಿ ಬಿಡಿಸುತ್ತಾರೆ. ಪ್ರಾಮಾಣಿಕವಾಗಿ ಹೇಳುವುದಾದರೆ ಇದರ ಸರಾಸರಿ ಪರಿಣಾಮ ಸಣ್ಣದು. ನೋವು, ಅಂಗವೈಕಲ್ಯ, ಬೇಸರ ಮೂರರಲ್ಲೂ ಸ್ವಲ್ಪ ಸ್ವಲ್ಪ. ಎಸಿಟಿ, ಅಂದರೆ ಅಕ್ಸೆಪ್ಟೆನ್ಸ್ ಅಂಡ್ ಕಮಿಟ್‌ಮೆಂಟ್ ಥೆರಪಿ, ಅದರ ದಾಯಾದಿ: ನೋವು ಹೋಗಲಿ ಎಂದು ಕಾಯುತ್ತ ಕೂರದೆ, ನಿಮಗೆ ಮುಖ್ಯವಾದ ಬದುಕನ್ನು ನೋವಿನ ಜೊತೆಗೇ ಶುರು ಮಾಡಿಸುತ್ತದೆ. ಜಾನ್ ಕಬಾಟ್-ಝಿನ್ 1979ರಲ್ಲಿ ಆರಂಭಿಸಿದ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಅನುಭವವನ್ನು ಇದ್ದ ಹಾಗೆ ಗಮನಿಸುವ ಧ್ಯಾನ) ಕಾರ್ಯಕ್ರಮ ಎಂಟು ವಾರದ್ದು, ಗುಂಪಿನಲ್ಲಿ ನಡೆಯುತ್ತದೆ, ಮನೆಯಲ್ಲೂ ದಿನಾ ಅಭ್ಯಾಸ ಬೇಡುತ್ತದೆ.

ಈಚಿನ ಎರಡು ವಿಧಾನಗಳು ನಿಮಗೆ ಹೆಚ್ಚು ಹೊಂದಬಹುದು. ಮೊದಲನೆಯದು ಪೇನ್ ರೀಪ್ರೊಸೆಸಿಂಗ್ ಥೆರಪಿ. ನೋವು ಬಂದ ಹೊತ್ತಿನಲ್ಲೇ ‘ಇಲ್ಲಿ ಗಾಯವಿಲ್ಲ, ಇದು ಅಪಾಯವಲ್ಲ’ ಎಂಬ ಅರಿವಿನಿಂದ ಅದನ್ನು ಗಮನಿಸುವುದನ್ನು ಕಲಿಸುತ್ತದೆ. ದೀರ್ಘಕಾಲದ ಬೆನ್ನುನೋವಿನ 151 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಲ್ಕು ವಾರಗಳ ಈ ಚಿಕಿತ್ಸೆ ಪಡೆದವರಲ್ಲಿ 66% ಜನರ ನೋವು ಇಲ್ಲವೆನ್ನುವಷ್ಟು ಇಳಿಯಿತು. ಹುಸಿ ಚುಚ್ಚುಮದ್ದು ಪಡೆದವರಲ್ಲಿ 20%, ಎಂದಿನ ಚಿಕಿತ್ಸೆಯಲ್ಲಿದ್ದವರಲ್ಲಿ 10%. ಅಂಕಿ ನೋಡಿ ಕಣ್ಣರಳುತ್ತದೆ. ಆದರೆ ಅವರೆಲ್ಲ ಕಡಿಮೆಯಿಂದ ಮಧ್ಯಮ ಮಟ್ಟದ ನೋವಿನವರು, ನೋವಿಗೆ ಅಂಗಾಂಶದ ಕಾರಣವಿಲ್ಲ ಎಂದು ಆರಿಸಿ ತೆಗೆದವರು. ಸಿಕ್ಕಿದವರಿಗೆಲ್ಲ ಅದೇ ಫಲ ಎಂದು ಯಾರಾದರೂ ಮಾರಿದರೆ ನಂಬಬೇಡಿ.

ಎರಡನೆಯದು, ಮಾರ್ಕ್ ಲಮ್ಲಿ ಮತ್ತು ಹೊವಾರ್ಡ್ ಶೂಬಿನರ್ ರೂಪಿಸಿದ, ಭಾವನೆಗಳ ಅರಿವು ಮತ್ತು ಅಭಿವ್ಯಕ್ತಿಯ ಚಿಕಿತ್ಸೆ. ನುಂಗಿಕೊಂಡ ಸಿಟ್ಟು, ಅಪರಾಧಿಭಾವ, ದುಃಖ ಇವನ್ನು ಸುರಕ್ಷಿತವಾಗಿ ಹೊರಗೆ ತರುವುದು ಇದರ ತಿರುಳು. ದೀರ್ಘಕಾಲದ ನೋವಿನ 126 ಮಂದಿ ವಯಸ್ಸಾದ ಮಾಜಿ ಸೈನಿಕರ ಮೇಲಿನ 2024ರ ಪ್ರಯೋಗದಲ್ಲಿ, ನೋವು ಕನಿಷ್ಠ 30% ಇಳಿದವರು ಇದರಲ್ಲಿ 63%, ಸಿಬಿಟಿಯಲ್ಲಿ 17%.

ಹೆಸರಿಗಿಂತ ನಿಮ್ಮ ನೋವಿನ ಜಾಡು ಮುಖ್ಯ. ಬಾಗಲು, ಭಾರ ಎತ್ತಲು ಹೆದರಿ ಕೆಲಸ ಬಿಟ್ಟಿದ್ದರೆ, ಹೆದರಿದ ಚಲನೆಯನ್ನೇ ಹಂತಹಂತವಾಗಿ ಮಾಡಿಸುವವರು ಬೇಕು. ಮೇಲಧಿಕಾರಿಗೆ ‘ಆಗಲ್ಲ’ ಎನ್ನಲಾಗದೆ ಒಳಗೇ ಕುದಿಯುವವರಿಗೆ ಭಾವನೆಯ ಮೇಲೆ ಕೆಲಸ ಮಾಡುವವರು. ರಾತ್ರಿ ಮೂರಕ್ಕೆ ಎಚ್ಚರವಾಗಿ ಹೊರಳಾಡುವವರಾದರೆ ನಿದ್ರಾಹೀನತೆಗೆ ಇರುವ ಸಿಬಿಟಿಯನ್ನು ಮೊದಲೇ ಮಾಡಿಸಿಕೊಳ್ಳುವುದು ಜಾಣತನ, ಯಾಕೆಂದರೆ ಕೆಟ್ಟ ನಿದ್ದೆಯ ಮರುದಿನ ನೋವು ಜಾಸ್ತಿ. ಅಪಘಾತ, ಹಲ್ಲೆಯ ನೆನಪು ಕಣ್ಣಮುಂದೆ ಮರುಕಳಿಸುತ್ತಿದ್ದರೆ ಮಾನಸಿಕ ಆಘಾತದ (ಟ್ರಾಮಾ) ಚಿಕಿತ್ಸೆಯಲ್ಲಿ ಪಳಗಿದವರೇ ಆಗಬೇಕು.

ಮೊದಲ ಫೋನ್ ಕರೆ

ಹದಿನೈದು ನಿಮಿಷ ಮಾತಾಡಲು ಒಪ್ಪುತ್ತಾರಾ ಎಂದು ಕೇಳಿ. ಹೀಗೆ ಶುರು ಮಾಡಬಹುದು: ‘ನಾಲ್ಕು ವರ್ಷದಿಂದ ಕತ್ತು, ಸೊಂಟ ನೋವಿದೆ. ಡಾಕ್ಟರು ಪರೀಕ್ಷೆ ಮಾಡಿ ಅಪಾಯವಿಲ್ಲ ಅಂದಿದ್ದಾರೆ. ಒತ್ತಡ ಇದ್ದಾಗ ಹೆಚ್ಚಾಗುತ್ತೆ. ಖಿನ್ನತೆಗಿಂತ ನೋವಿಗೇ ಚಿಕಿತ್ಸೆ ಬೇಕು. ನೀವು ಇಂಥವರನ್ನು ನೋಡ್ತೀರಾ?’ ಆಮೇಲೆ ನಾಲ್ಕು ಪ್ರಶ್ನೆ ಸಾಕು.

‘ನನ್ನಂಥ ನೋವು ಯಾಕೆ ಬರುತ್ತೆ ಅಂತ ನೀವು ಹೇಗೆ ವಿವರಿಸ್ತೀರಿ?’ ನರವ್ಯೂಹದ ಸೂಕ್ಷ್ಮತೆ, ಭಯ, ನಿದ್ದೆ, ಸ್ನಾಯು ಬಿಗಿತದ ಬಗ್ಗೆ ನಿಮಗೆ ತಿಳಿಯುವ ಹಾಗೆ ಹೇಳಿದರೆ ಒಳ್ಳೆಯದು. ‘ಎಲ್ಲಾ ಮನಸ್ಸಲ್ಲೇ ಇರೋದು’ ಎಂದರೆ ಅವರಿಗೆ ವಿಷಯ ಗೊತ್ತಿಲ್ಲ.

‘ಸೆಷನ್ನಿಂದ ಸೆಷನ್ನಿಗೆ ಮನೆಯಲ್ಲಿ ಏನು ಮಾಡಿಸ್ತೀರಿ?’ ನೋವಿನ ಚಿಕಿತ್ಸೆಯ ಬಹುಪಾಲು ನಡೆಯುವುದು ಆ ಐವತ್ತು ನಿಮಿಷದ ಹೊರಗೆ. ‘ಏನೂ ಇಲ್ಲ, ಬಂದು ಮಾತಾಡಿ’ ಎನ್ನುವವರು ಬೇರೆ ಕಷ್ಟಗಳಿಗೆ ಒಳ್ಳೆಯ ಥೆರಪಿಸ್ಟೇ ಇರಬಹುದು, ಇದಕ್ಕಲ್ಲ.

‘ನನ್ನ ಡಾಕ್ಟರು, ಫಿಸಿಯೋಥೆರಪಿಸ್ಟ್ ಜೊತೆ ಮಾತಾಡ್ತೀರಾ?’ ಈ ಪ್ರಶ್ನೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಫಿಸಿಯೋಥೆರಪಿಸ್ಟ್ ‘ಜನ್ಮದಲ್ಲಿ ಬಾಗಬೇಡಿ’ ಎಂದು, ಥೆರಪಿಸ್ಟ್ ‘ಬಾಗಿ ನೋಡಿ’ ಎಂದರೆ ನೀವು ನಂಬುವುದು ಹೆದರಿಸಿದವರನ್ನೇ. ಲಿಖಿತ ಒಪ್ಪಿಗೆ ಕೊಟ್ಟು ಇಬ್ಬರೂ ಒಮ್ಮೆ ಮಾತಾಡುವಂತೆ ಮಾಡಿ.

‘ಉಪಯೋಗ ಆಗ್ತಿಲ್ಲ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ, ಆಗ ಏನು ಮಾಡ್ತೀರಿ?’ ನಾಲ್ಕರಲ್ಲಿ ಒಂದನ್ನೇ ಕೇಳಲು ಅವಕಾಶವಿದ್ದರೆ ಇದನ್ನೇ ಕೇಳಿ. ಅಳೆಯುವ ಅಭ್ಯಾಸ ಇರುವವರು ತಡವರಿಸದೆ ಉತ್ತರಿಸುತ್ತಾರೆ.

ಇಷ್ಟು ವಾರದಲ್ಲಿ ಪೂರ್ತಿ ವಾಸಿ ಎಂದು ಗ್ಯಾರಂಟಿ ಕೊಡುವವರು, ಹತ್ತು ಸೆಷನ್ನಿನ ಹಣ ಮುಂಗಡ ಕೇಳುವವರು, ಮಾತ್ರೆ ನಿಲ್ಲಿಸಿ ಎನ್ನುವವರು, ಮೊದಲ ದಿನವೇ ‘ನಿಮಗೆ ಬಾಲ್ಯದಲ್ಲಿ ಏನೋ ಆಗಿದೆ, ನೆನಪಿಲ್ಲ ಅಷ್ಟೇ’ ಎನ್ನುವವರು, ಈ ನಾಲ್ವರಿಂದ ದೂರ ಇರಿ. ದೀರ್ಘಕಾಲದ ನೋವಿಗೆ ಬರೆಯುವ ಡುಲಾಕ್ಸಿಟಿನ್, ಪ್ರಿಗ್ಯಾಬಲಿನ್‌ನಂಥ ಮಾತ್ರೆಗಳನ್ನು ದಿಢೀರನೆ ಬಿಟ್ಟರೆ ತಲೆಸುತ್ತು, ತಳಮಳ, ನಿದ್ದೆಗೇಡು ಶುರುವಾಗುತ್ತದೆ. ಬರೆದ ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಮೊದಲ ನಾಲ್ಕು ಸೆಷನ್

ಮೊದಲ ಸೆಷನ್‌ನಲ್ಲೇ ನೋವಿನ ಇತಿಹಾಸ ಬರಬೇಕು: ಶುರುವಾದಾಗ ಬದುಕಿನಲ್ಲಿ ಏನು ನಡೆಯುತ್ತಿತ್ತು, ಯಾವ ಹೊತ್ತಿನಲ್ಲಿ ಏರುತ್ತದೆ, ರಜೆಯಲ್ಲಿ ಇಳಿಯುತ್ತದೆಯೇ, ಜಾಗ ಬದಲಿಸುತ್ತದೆಯೇ, ನೋವಿನಿಂದಾಗಿ ಏನೇನು ಬಿಟ್ಟಿದ್ದೀರಿ, ನೋವು ಬಂದಾಗ ಮನೆಯವರು ಏನು ಮಾಡುತ್ತಾರೆ. ಕೊನೆಯ ಪ್ರಶ್ನೆ ವಿಚಿತ್ರ ಅನಿಸಬಹುದು. ‘ನೀ ಮಲಕ್ಕೋ, ನಾ ಮಾಡ್ತೀನಿ’ ಎಂಬ ಪ್ರೀತಿಯೇ ವರ್ಷಗಟ್ಟಲೆ ನಡೆದರೆ ದೇಹದ ಬಲ ಕರಗುತ್ತದೆ. ಮನಶ್ಶಾಸ್ತ್ರಜ್ಞ ವಿಲ್ಬರ್ಟ್ ಫೋರ್ಡೈಸ್ 1970ರ ದಶಕದಲ್ಲೇ ಇದನ್ನು ಗುರುತಿಸಿ ಚಿಕಿತ್ಸೆಗೆ ಅಳವಡಿಸಿದ್ದರು.

ನಿಮ್ಮ ಹಿಂದಿನ ಐದು ಸೆಷನ್‌ಗಳಲ್ಲಿ ತಪ್ಪಿದ್ದು ಬಾಲ್ಯದ ಮಾತು ಬಂದದ್ದಲ್ಲ. ಅದು ನೋವಿಗೆ ಹೇಗೆ ಸಂಬಂಧ ಎಂದು ಯಾರೂ ಜೋಡಿಸಿ ತೋರಿಸಲಿಲ್ಲ. ‘ಅಪ್ಪ ಬೈದಾಗ ಉಸಿರು ಬಿಗಿಹಿಡಿಯುತ್ತಿದ್ದಿರಿ, ಈಗ ಮೀಟಿಂಗಿನಲ್ಲೂ ಭುಜ ಕಿವಿಯ ತನಕ ಏರಿಸಿ ಕೂರುತ್ತೀರಿ’ ಎಂದು ಜೋಡಿಸಿದರೆ ಅದು ಚಿಕಿತ್ಸೆ. ಜೋಡಿಸದೆ ಹೋದರೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಎರಡನೇ, ಮೂರನೇ ಸೆಷನ್ ಹೊತ್ತಿಗೆ ಕೈಗೆ ಕೆಲಸ ಬರಬೇಕು. ಉದಾಹರಣೆಗೆ ಕುರ್ಚಿಯಲ್ಲಿ ಕೂರುವುದು. ನೋವಿನವರು ಸಾಮಾನ್ಯವಾಗಿ ಚೆನ್ನಾಗಿದ್ದ ದಿನ ಮೂರು ಗಂಟೆ ಎಳೆದು, ಮರುದಿನ ಹಾಸಿಗೆ ಹಿಡಿಯುತ್ತಾರೆ. ಇದನ್ನು ಮುರಿಯಲು ಮೂರು ದಿನ, ನೋವು ಏರತೊಡಗುವ ತನಕ ಎಷ್ಟು ಕೂತಿರಿ ಎಂದು ಬರೆದುಕೊಳ್ಳಿ. 22, 35, 18 ನಿಮಿಷ ಎಂದಿಟ್ಟುಕೊಳ್ಳಿ, ಸರಾಸರಿ 25. ಅದರ 80% ಎಂದರೆ 20 ನಿಮಿಷ. ಇನ್ನು ಮುಂದೆ ಒಳ್ಳೆಯ ದಿನವೂ ಇಪ್ಪತ್ತೇ, ಕೆಟ್ಟ ದಿನವೂ ಇಪ್ಪತ್ತೇ. ಆಮೇಲೆ ಎದ್ದು ಎರಡು ನಿಮಿಷ ಓಡಾಟ. ವಾರಕ್ಕೆ ಎರಡೆರಡು ನಿಮಿಷ ಏರಿಸುತ್ತ ಹೋಗುವುದು. ಎಲ್ಲರೂ ಎಡವುವುದು ಒಳ್ಳೆಯ ದಿನದಲ್ಲೇ, ‘ಇವತ್ತು ಚೆನ್ನಾಗಿದೆಯಲ್ಲ’ ಎಂದು ಗಡಿಯಾರ ಮರೆತು.

ಭಯದ ಚಲನೆಗೆ ಲೆಕ್ಕ ಬೇರೆ. ಶೂ ಲೇಸ್ ಕಟ್ಟಲು ಬಾಗುವುದೇ ಭಯ ಎನ್ನಿ. ಬಾಗುವ ಮೊದಲು ಒಂದು ಸಾಲು ಬರೆಯುತ್ತೀರಿ: ‘ಡಿಸ್ಕ್ ಜಾರುತ್ತೆ, ನೋವು ಹತ್ತಕ್ಕೆ 9 ಆಗುತ್ತೆ.’ ಥೆರಪಿಸ್ಟ್ ಎದುರಿಗೇ ಬಾಗುತ್ತೀರಿ. ಆ ಕ್ಷಣದ ನೋವು ಎಷ್ಟು, ಹತ್ತು ನಿಮಿಷದ ನಂತರ ಎಷ್ಟು, ಮರುದಿನ ಬೆಳಗ್ಗೆ ಎಷ್ಟು ಎಂದು ಅದೇ ಹಾಳೆಯಲ್ಲಿ ಬರೆಯುತ್ತೀರಿ. ಊಹೆಗೂ ನಿಜಕ್ಕೂ ಇರುವ ಅಂತರವನ್ನು ಕಣ್ಣಾರೆ ನೋಡುವುದೇ ಔಷಧಿ. ಇದನ್ನು ಕೆಡಿಸುವ ಸಣ್ಣ ಸಂಗತಿಗಳಿವೆ: ಒಂದು ಕೈಯಲ್ಲಿ ಮೇಜು ಹಿಡಿದು ಬಾಗುವುದು, ಉಸಿರು ಕಟ್ಟುವುದು, ಮೊದಲೇ ಮಾತ್ರೆ ನುಂಗಿ ಬರುವುದು. ಆಗ ‘ಮೇಜು ಹಿಡಿದದ್ದಕ್ಕೇ ಉಳಿದುಕೊಂಡೆ’ ಎಂದು ಮಿದುಳು ಪಾಠ ಕಲಿಯುತ್ತದೆ. ಅನುಭವಸ್ಥ ಥೆರಪಿಸ್ಟ್ ಆ ಕೈಯನ್ನು ಗಮನಿಸುತ್ತಾರೆ.

ಉಸಿರಾಟ, ಸ್ನಾಯು ಸಡಿಲಿಸುವ ಅಭ್ಯಾಸಗಳೂ ಬರುತ್ತವೆ. ಒಳ್ಳೆಯವೇ, ಆದರೆ ಚಿಕಿತ್ಸೆ ಅಷ್ಟಕ್ಕೇ ನಿಂತರೆ ಸಾಲದು.

ಎಷ್ಟು ದಿನ ಕಾಯಬೇಕು

ಎರಡು ಬೇರೆ ಗಡುವು ಇಟ್ಟುಕೊಳ್ಳಿ. ಸಂಬಂಧಕ್ಕೆ ನಾಲ್ಕು ಸೆಷನ್: ನನ್ನ ನೋವನ್ನು ನಂಬುತ್ತಾರೆಯೇ, ಗುರಿ ಒಂದೇ ಆಗಿದೆಯೇ, ಮಾಡುವ ಕೆಲಸದ ಬಗ್ಗೆ ಒಮ್ಮತ ಇದೆಯೇ? ಈ ಮೂರಕ್ಕೆ ನಾಲ್ಕನೆಯ ಸೆಷನ್ನಿನಲ್ಲೂ ‘ಇಲ್ಲ’ ಎಂದಾದರೆ ಮುಂದೆ ತಾನಾಗಿ ಸರಿಹೋಗುವುದು ಅಪರೂಪ. ಫಲಕ್ಕೆ ಎಂಟರಿಂದ ಹತ್ತು ವಾರ.

ಫಲವನ್ನು ನೆನಪಿನಿಂದ ಅಳೆಯಬೇಡಿ. ಇವತ್ತು ನೋವಿದ್ದರೆ ‘ಏನೂ ಆಗಿಲ್ಲ’ ಅನಿಸುತ್ತದೆ. ಮೂರೇ ಪ್ರಶ್ನೆಯ ‘ಪೆಗ್’ ಎಂಬ ಅಳತೆ ಸಾಕು. ಕಳೆದ ಒಂದು ವಾರದಲ್ಲಿ ಸರಾಸರಿ ನೋವು ಎಷ್ಟು, ನೋವು ಬದುಕಿನ ಸಂತೋಷಕ್ಕೆ ಎಷ್ಟು ಅಡ್ಡ ಬಂತು, ದಿನನಿತ್ಯದ ಕೆಲಸಕ್ಕೆ ಎಷ್ಟು ಅಡ್ಡ ಬಂತು. ಪ್ರತಿಯೊಂದಕ್ಕೂ 0ರಿಂದ 10. ಶುರುವಿನಲ್ಲಿ 7, 8, 6 ಬಂದರೆ ಸರಾಸರಿ 7. ಅದು 30% ಇಳಿದು 5ರ ಆಸುಪಾಸಿಗೆ ಬಂದರೆ ನಿಜವಾದ ಸುಧಾರಣೆ ಎಂದು ಪರಿಗಣಿಸಬಹುದು. ಮೊದಲು ಇಳಿಯುವುದು ಸಾಮಾನ್ಯವಾಗಿ ಕೊನೆಯ ಎರಡು ಅಂಕಿಗಳು. ನೋವು ಅಷ್ಟೇ ಇದ್ದರೂ ನೆಂಟರ ಮನೆಗೆ ಹೋಗಿ ಬಂದಿರುತ್ತೀರಿ. ನೋವಿನ ಅಂಕಿ ಹಿಂದಿನಿಂದ ನಿಧಾನವಾಗಿ ಇಳಿಯುತ್ತದೆ. ಮೂರನೇ, ನಾಲ್ಕನೇ ವಾರದಲ್ಲಿ ನೋವು ಒಮ್ಮೆ ಕೆರಳುವುದುಂಟು, ಬಿಟ್ಟ ಕೆಲಸಗಳಿಗೆ ಮರಳಿದ್ದೀರಲ್ಲ. ಜನ ಥೆರಪಿ ಬಿಡುವುದೂ ಆಗಲೇ. ಕೆರಳಿದಾಗ ಏನು ಮಾಡಬೇಕೆಂದು ಮೊದಲೇ ಒಂದು ಚೀಟಿಯಲ್ಲಿ ಬರೆಸಿಕೊಂಡಿರಿ: ಎರಡು ದಿನ ಅಭ್ಯಾಸದ ಹೊತ್ತನ್ನು ಅರ್ಧಕ್ಕೆ ಇಳಿಸುವುದು, ಪೂರ್ತಿ ನಿಲ್ಲಿಸದಿರುವುದು, ಮೂರನೇ ದಿನ ಮೊದಲಿನ ಮಟ್ಟಕ್ಕೆ ಮರಳುವುದು. ಹೊಸ ಲಕ್ಷಣ ಬಂದರೆ ಮಾತ್ರ ವೈದ್ಯರ ಬಳಿಗೆ.

ಹತ್ತು ವಾರದಲ್ಲಿ ಮೂರೂ ಅಂಕಿ ಅಲುಗಾಡದಿದ್ದರೆ ಬದಲಿಸಿ. ಸದ್ದಿಲ್ಲದೆ ಬಿಟ್ಟುಬರುವುದು ಮಾತ್ರ ಬೇಡ. ‘ನೋವಿನ ಬಗ್ಗೆ ಕೆಲಸ ಆಗ್ತಿಲ್ಲ ಅನ್ಸುತ್ತೆ’ ಎಂದು ಒಮ್ಮೆ ಬಾಯಿಬಿಟ್ಟು ಹೇಳಿ. ಒಳ್ಳೆಯ ಥೆರಪಿಸ್ಟ್ ಆಗ ದಿಕ್ಕು ಬದಲಿಸುತ್ತಾರೆ, ಇಲ್ಲವೇ ಬೇರೆಯವರ ಹೆಸರು ಕೊಡುತ್ತಾರೆ. ನಿಮ್ಮ ಹಿಂದಿನ ಥೆರಪಿಸ್ಟ್‌ಗೂ ಈ ಒಂದು ಮಾತು ಹೇಳಿರಲಿಲ್ಲವಾದರೆ, ಹೊಸಬರನ್ನು ಹುಡುಕುವ ಮುಂಚೆ ಅವರಿಗೇ ಒಂದು ಫೋನ್ ಮಾಡಿ ಮೇಲಿನ ನಾಲ್ಕು ಪ್ರಶ್ನೆ ಕೇಳಿ ನೋಡಬಹುದು. ಬೇರೆಡೆ ಹೋಗುವುದೇ ಆದರೆ ಅವರಿಂದ ಒಂದು ಪುಟದ ಸಾರಾಂಶ ಬರೆಸಿಕೊಳ್ಳಿ: ಏನೇನು ಮಾಡಿದಿರಿ, ಯಾವುದು ಸ್ವಲ್ಪವಾದರೂ ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ. ಹೊಸಬರ ಮುಂದೆ ನಾಲ್ಕು ವರ್ಷದ ಕಥೆಯನ್ನು ಮತ್ತೆ ಮೊದಲಿನಿಂದ ಹೇಳುವ ಒಂದು ಸೆಷನ್ ಅದರಿಂದ ಉಳಿಯುತ್ತದೆ.